ತದಡಿಯ ದಬ್ಬಣ, ಮಾರ್ಬಲ್‌ಹೆಡ್‌ನ ಮಗ್ಗ

ಪ್ರಶ್ನೆ: ನನ್ನ ಅಜ್ಜ ತದಡಿಯಲ್ಲಿ ಮಚವೆಗಳಿಗೆ (ಸರಕು ಸಾಗಿಸುವ ಹಾಯಿದೋಣಿಗಳಿಗೆ) ಹಾಯಿ ಹೊಲಿಯುತ್ತಿದ್ದರು. ಅವರ ದಬ್ಬಣ, ಅಂಗೈಗೆ ಕಟ್ಟಿಕೊಳ್ಳುತ್ತಿದ್ದ ಚರ್ಮದ ಪಟ್ಟಿ, ಜೇನುಮೇಣದ ಉಂಡೆ ಇನ್ನೂ ನಮ್ಮ ಮನೆಯಲ್ಲಿವೆ. ಹನ್ನೊಂದು ವರ್ಷದ ಮಗಳು ಈಗ ಆಪ್ಟಿಮಿಸ್ಟ್ ಎಂಬ ಮಕ್ಕಳ ಹಾಯಿದೋಣಿ ನಡೆಸಲು ಕಲಿಯುತ್ತಿದ್ದಾಳೆ. ಅವಳಿಗೆ ಸಿಕ್ಕಿರುವುದು ಹಳೆಯ ಹಾಯಿ. ಹೆಸರುವಾಸಿ ಕಂಪನಿಯ ಹೊಸ ಹಾಯಿ ಕೊಡಿಸದಿದ್ದರೆ ಸ್ಪರ್ಧೆಯಲ್ಲಿ ಮುಂದೆ ಬರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ದೋಣಿ ಒಂದೇ, ಗಾಳಿಯೂ ಒಂದೇ. ಹಾಯಿ ಹೊಲಿದವರು ಯಾರು ಎಂಬುದರಿಂದ ಅಷ್ಟೊಂದು ವ್ಯತ್ಯಾಸ ಆಗುತ್ತದೆಯೇ? ಯಾಟ್ ರೇಸಿನಲ್ಲಿ, ಅಂದರೆ ದೊಡ್ಡ ಹಾಯಿದೋಣಿಗಳ ಸ್ಪರ್ಧೆಯಲ್ಲಿ, ಸಣ್ಣ ಹಾಯಿ ಕಂಪನಿಯೊಂದು ಹೆಸರು ಮಾಡಿದ ಇತಿಹಾಸ ಇದೆಯೇ? (ಓದುಗರೊಬ್ಬರು, ಕುಮಟಾ)

ಉತ್ತರ: ವ್ಯತ್ಯಾಸ ಆಗುತ್ತದೆ. ಇತಿಹಾಸವೂ ಇದೆ, ಅದು ನಿಮ್ಮ ಅಜ್ಜನ ಕಸುಬಿಗೆ ನೀವು ಎಣಿಸಿದ್ದಕ್ಕಿಂತ ಹತ್ತಿರದ್ದು. ಕಾರವಾರದಲ್ಲಿ ಹರಿದ ಹಾಯಿಗಳನ್ನು ರಿಪೇರಿ ಮಾಡುತ್ತ ಬಂದಿರುವ ನನಗೆ ಇಂಥ ಪ್ರಶ್ನೆ ಬರುವುದು ಅಪರೂಪ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹತ್ತಿಯ ಕರವಸ್ತ್ರವೊಂದನ್ನು ತೆಗೆದುಕೊಂಡು ಎದುರುಬದುರು ಅಂಚುಗಳನ್ನು ಹಿಡಿದು ಎಳೆಯಿರಿ. ಬಟ್ಟೆ ಹೆಚ್ಚೇನೂ ಜಗ್ಗುವುದಿಲ್ಲ. ಈಗ ಮೂಲೆಯಿಂದ ಮೂಲೆಗೆ ಎಳೆಯಿರಿ. ಉದ್ದಕ್ಕೆ ಬರುತ್ತದೆ, ನಡುವೆ ನೆರಿಗೆ ಬೀಳುತ್ತದೆ. ಹಾಸು (ಉದ್ದ ಎಳೆ) ಮತ್ತು ಹೊಕ್ಕಿನ (ಅಡ್ಡ ಎಳೆಯ) ಜಾಡಿನಲ್ಲಿ ಬಟ್ಟೆಗೆ ಬಲವಿದೆ, ಓರೆಯಲ್ಲಿ ಇಲ್ಲ. ಹಾಯಿಯ ಮೇಲೆ ಗಾಳಿಯ ಹೊರೆ ಬೀಳುವುದು ನೇರದಲ್ಲಿ ಮಾತ್ರವಲ್ಲ, ಓರೆಯಲ್ಲೂ ಬೀಳುತ್ತದೆ. ಹಾಯಿ ಹೊಲಿಯುವವರು ಇನ್ನೂರು ವರ್ಷ ಹೋರಾಡಿದ್ದು ಈ ಓರೆಯ ಜಗ್ಗಾಟದ ಜೊತೆಗೆ.

ಅದೇಕೆ ಅಷ್ಟು ಮುಖ್ಯ? ಗಾಳಿ ಬೆನ್ನಿಗಿದ್ದಾಗ ಹಾಯಿ ಚೀಲದ ಹಾಗೆ ಗಾಳಿ ತುಂಬಿಕೊಂಡರೂ ಸಾಕು, ದೋಣಿ ಮುಂದೆ ಹೋಗುತ್ತದೆ. ಸ್ಪರ್ಧೆಯ ಅರ್ಧ ದಾರಿಯಾದರೂ ಗಾಳಿಗೆ ಎದುರಾಗಿಯೇ ಇರುತ್ತದೆ. ಆಗ ದೋಣಿ ಓರೆಓರೆಯಾಗಿ, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಗುತ್ತ ಮೇಲೇರಬೇಕು. ಅಲ್ಲಿ ಹಾಯಿ ಚೀಲವಲ್ಲ, ಹಕ್ಕಿಯ ರೆಕ್ಕೆ. ಅದರ ಉಬ್ಬು ಅಗಲದ ಹತ್ತರಲ್ಲೊಂದು ಪಾಲಿನಿಂದ ಏಳರಲ್ಲೊಂದು ಪಾಲಿನಷ್ಟು ಇರಬೇಕು, ಉಬ್ಬಿನ ಆಳವಾದ ಜಾಗ ನಡುವಿಗಿಂತ ತುಸು ಮುಂದೆ, ಕಂಬದ ಕಡೆಗೆ ಬರಬೇಕು. ಬಟ್ಟೆ ಜಗ್ಗಿದರೆ ಈ ಉಬ್ಬು ಹಿಂದಕ್ಕೆ ಸರಿಯುತ್ತದೆ. ಆಗ ಗಾಳಿ ದೋಣಿಯನ್ನು ಮುಂದೆ ಒಯ್ಯುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ವಾಲಿಸುತ್ತದೆ. ದೋಣಿ ನಡೆಸುವ ಮಗುವಿಗೆ ಕೈ ಸೋಲುತ್ತದೆ, ಪಕ್ಕದ ದೋಣಿ ಮಾತ್ರ ಸುಮ್ಮನೆ ಮುಂದೆ ಸಾಗುತ್ತಿರುತ್ತದೆ.

ಈ ಉಬ್ಬನ್ನು ಬಟ್ಟೆಯಲ್ಲಿ ತರುವ ಬಗೆ ನಮ್ಮೂರಿನ ದರ್ಜಿಗಳಿಗೆ ಚೆನ್ನಾಗಿ ಗೊತ್ತಿದೆ. ರವಿಕೆಗೆ ಟಕ್ಸ್ ಹಿಡಿಯುವ ಹಾಗೆ ಇಲ್ಲಿಯೂ ಎರಡು ಪಟ್ಟಿಗಳನ್ನು ಜೋಡಿಸುವಾಗ ಅಂಚನ್ನು ತುದಿಗಳ ಕಡೆ ಕೊಂಚ ಹೆಚ್ಚು ಒಳಗೆ ತೆಗೆದುಕೊಂಡು ಹೊಲಿಯುತ್ತಾರೆ. ಚಪ್ಪಟೆ ಬಟ್ಟೆ ಮಧ್ಯದಲ್ಲಿ ಬಟ್ಟಲಾಗುತ್ತದೆ. ಇಲ್ಲಿ ಲೆಕ್ಕ ಮಿಲಿಮೀಟರಿನದು. ಮೊದಮೊದಲು ನಾನೊಂದು ಹಳೆಯ ಹಾಯಿಯನ್ನು ಬಿಚ್ಚಿ ಮತ್ತೆ ಹೊಲಿದೆ. ಪ್ರತಿ ಜೋಡಣೆಯಲ್ಲೂ ಕೂದಲೆಳೆಯಷ್ಟು ಹೆಚ್ಚು ಒಳಗೆ ತೆಗೆದುಕೊಂಡಿದ್ದೆ. ಹೊಲಿಯುವಾಗ ಗೊತ್ತಾಗಲಿಲ್ಲ. ದೇವಬಾಗದ ಮರಳಿನಲ್ಲಿ ಗಾಳಿಮರಗಳ ಕೆಳಗೆ ಹರಡಿದಾಗಲೂ ಗೊತ್ತಾಗಲಿಲ್ಲ. ಕಾಳಿ ನದಿಯ ಅಳಿವೆಯಲ್ಲಿ ಪಡುಗಾಳಿ ಹಿಡಿದ ಮೇಲೆ ಹಾಯಿ ಮಡಕೆಯ ಹಾಗೆ ಉಬ್ಬಿತು, ದೋಣಿ ಎದುರುಗಾಳಿಗೆ ಮೇಲೇರಲೇ ಇಲ್ಲ. ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಇನ್ನು ಇತಿಹಾಸ. ಯಾಟ್ ರೇಸಿನಲ್ಲಿ ಬಟ್ಟೆ ದೋಣಿಯನ್ನು ಗೆಲ್ಲಿಸಬಹುದು ಎಂದು ಜಗತ್ತಿಗೆ ಮೊದಲು ಕಂಡದ್ದು 1851ರ ಆಗಸ್ಟ್ 22ರಂದು, ಇಂಗ್ಲೆಂಡಿನ ವೈಟ್ ದ್ವೀಪದ ಸುತ್ತ. ನ್ಯೂಯಾರ್ಕಿನಿಂದ ಬಂದ ‘ಅಮೆರಿಕ’ ಎಂಬ ಸ್ಕೂನರ್ (ಎರಡು ಕಂಬದ ಹಾಯಿಹಡಗು) ಅಂದು ಬ್ರಿಟಿಷ್ ಯಾಟ್‌ಗಳನ್ನೆಲ್ಲ ಹಿಂದೆ ಹಾಕಿತು. ಮುಂದೆ ಅಮೆರಿಕಾಸ್ ಕಪ್ ಎಂದು ಹೆಸರಾದ ಬಹುಮಾನ ಅದೇ. ಬ್ರಿಟಿಷರ ಹಾಯಿಗಳು ಅಗಸೆ ನಾರಿನವು, ಜೋತುಬೀಳುವಂಥವು. ನೇಯ್ಗೆ ಬಿಗಿಯಾಗಲೆಂದು ಅವುಗಳಿಗೆ ನೀರು ಎರಚುತ್ತಿದ್ದರು. ‘ಅಮೆರಿಕ’ದ ಹಾಯಿಗಳು ಯಂತ್ರದಲ್ಲಿ ನೇಯ್ದ ಹತ್ತಿಬಟ್ಟೆಯವು, ಹಲಗೆಯಷ್ಟು ಚಪ್ಪಟೆಯಾಗಿ ನಿಲ್ಲುತ್ತಿದ್ದವು. ಅಲ್ಲಿಂದ ಮುಂದೆ ನೂರು ವರ್ಷ ಸ್ಪರ್ಧೆಯ ಹಾಯಿ ಎಂದರೆ ಹತ್ತಿಯದೇ.

ಹತ್ತಿ ಎಂದಾಗ ಕುಮಟಾದ ನಿಮಗೊಂದು ಮಾತು ಹೇಳಲೇಬೇಕು. ಅದೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಶಿರಸಿ, ದೇವಿಮನೆ ಘಟ್ಟದ ದಾರಿಯಾಗಿ ನಿಮ್ಮೂರಿನ ಬಂದರಿಗೆ ಇಳಿದು ಹಡಗು ಹತ್ತುತ್ತಿತ್ತು. ಪೇಟೆಯಲ್ಲಿ ಆ ಹತ್ತಿಯ ಹೆಸರೇ ‘ಕುಮಟಾ’. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ನಮ್ಮ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ, ಕಾರವಾರದ ಬಂದರಿಗೆ ಕಳೆ ಬಂದದ್ದರ ಹಿಂದೆಯೂ ಈ ಹತ್ತಿಯೇ ಇತ್ತು.

ಆ ಕಾಲದ ದೊಡ್ಡ ಹಾಯಿ ಮನೆ ಇಂಗ್ಲೆಂಡಿನ ಕೌಸ್‌ನಲ್ಲಿ 1790ರಲ್ಲಿ ಶುರುವಾದ ರಾಟ್ಸಿ ಕುಟುಂಬದ್ದು, ಮುಂದೆ ರಾಟ್ಸಿ ಅಂಡ್ ಲ್ಯಾಪ್‌ಥಾರ್ನ್ ಎಂದಾಯಿತು. ತಲೆಮಾರುಗಳ ಕೈಪಳಗು ಅವರ ಬಂಡವಾಳ. ಹತ್ತಿಯ ಹೊಸ ಹಾಯಿಯನ್ನು ಆಗ ಒಮ್ಮೆಲೇ ಜೋರುಗಾಳಿಗೆ ಒಡ್ಡುತ್ತಿರಲಿಲ್ಲ. ದಿನಗಟ್ಟಲೆ ಮೆಲುಗಾಳಿಯಲ್ಲಿ, ಅಂಚನ್ನು ಹೆಚ್ಚು ಬಿಗಿಯದೆ, ನಿಧಾನವಾಗಿ ಪಳಗಿಸುತ್ತಿದ್ದರು. ಅವಸರ ಮಾಡಿದರೆ ಹಾಯಿ ಜನ್ಮಕ್ಕೂ ಸೊಟ್ಟಗಾಗುತ್ತಿತ್ತು. ಅಮೆರಿಕದಲ್ಲಿ ಯಾಟ್ ಕಟ್ಟುತ್ತಿದ್ದ ನಥಾನಿಯಲ್ ಹೆರೆಶಾಫ್ 1890ರ ದಶಕದಲ್ಲಿ ಪಟ್ಟಿಗಳನ್ನು ಉದ್ದುದ್ದ ಜೋಡಿಸುವುದನ್ನು ಬಿಟ್ಟು ಅಡ್ಡಡ್ಡ ಜೋಡಿಸಿದರು. ಹಿಂಬದಿಯ ಅಂಚಿಗೆ ಬೀಳುವ ಹೊರೆ ಹೊಕ್ಕಿನ ಜಾಡಿನಲ್ಲೇ ಬರುವಂತಾಯಿತು. ಕರವಸ್ತ್ರದ ಪಾಠವೇ ಅದು.

ನೀವು ಕೇಳಿದ ಸಣ್ಣ ಕಂಪನಿ ಬರುವುದು ಇದರ ನಂತರ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪಾಲಿಯೆಸ್ಟರ್ ನೂಲು ಪೇಟೆಗೆ ಬಂತು. ಅಮೆರಿಕದಲ್ಲಿ ಅದಕ್ಕೆ ಡೇಕ್ರಾನ್ ಎಂದು ಹೆಸರು, ಇಂಗ್ಲೆಂಡಿನಲ್ಲಿ ಟೆರಿಲೀನ್. ಅದು ಕೊಳೆಯುವುದಿಲ್ಲ, ಹತ್ತಿಯ ಹಾಗೆ ಜಗ್ಗುವುದಿಲ್ಲ. ಆದರೆ ಬಹುಪಾಲು ಗಿರಣಿಗಳಿಗೆ ಹಾಯಿಬಟ್ಟೆ ಎಂಬುದು ನೂರು ಬಗೆಯ ಬಟ್ಟೆಗಳಲ್ಲಿ ಒಂದು, ಅಷ್ಟೇ. ನೇಯ್ಗೆ ಸಡಿಲವಿದ್ದರೆ ಮೇಲೆ ರಾಳ ಬಳಿದು ಗಟ್ಟಿ ಮಾಡಿ ಕೊಡುತ್ತಿದ್ದರು. ಹೊಸದಿದ್ದಾಗ ಅದು ಕಾಗದದ ಹಾಗೆ ಗರಿಗರಿ ಎನ್ನುತ್ತದೆ. ನಾಲ್ಕಾರು ಸಲ ಮಡಚಿ ಬಿಚ್ಚಿದರೆ ರಾಳ ಒಡೆಯುತ್ತದೆ, ಆಮೇಲೆ ಉಳಿಯುವುದು ಅದೇ ಸಡಿಲ ನೇಯ್ಗೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮಾರ್ಬಲ್‌ಹೆಡ್ ಎಂಬ ಕಡಲೂರಿದೆ. 1927ರಲ್ಲಿ ಹುಟ್ಟಿದ ಟೆಡ್ ಹುಡ್ 1950ರ ದಶಕದ ಆರಂಭದಲ್ಲಿ ಅಲ್ಲಿ ಹಾಯಿ ಹೊಲಿಯುವ ಸಣ್ಣ ಅಂಗಡಿ ತೆರೆದರು. ಮಾತು ಕಡಿಮೆ, ದೋಣಿ ನಡೆಸುವುದರಲ್ಲಿ ನಿಪುಣ. ತಂದೆ ರಾಲ್ಫ್ ಹುಡ್ ಅವರನ್ನು ಜನ ‘ಪ್ರೊಫೆಸರ್’ ಎಂದೇ ಕರೆಯುತ್ತಿದ್ದರು. ಯಂತ್ರಗಳ ಒಳಹೊರಗು ಬಲ್ಲವರು. ಪೇಟೆಯ ಬಟ್ಟೆ ಮಗನಿಗೆ ಹಿಡಿಸಲಿಲ್ಲ. ಆಗ ತಂದೆ ಮಗ ಸೇರಿ ಮಗ್ಗಗಳನ್ನು ತಂದು ತಮ್ಮ ಬಟ್ಟೆಯನ್ನು ತಾವೇ ನೇಯತೊಡಗಿದರು.

ನನ್ನ ಮಟ್ಟಿಗೆ ಹಾಯಿಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ. ಅಗಲ ಮಗ್ಗದಲ್ಲಿ ಹೆಚ್ಚು ಬಟ್ಟೆ ಬೇಗ ಬರುತ್ತದೆ ಎಂದು ಗಿರಣಿಗಳು ಅಗಲ ಮಗ್ಗಗಳ ಕಡೆ ಹೋಗುತ್ತಿದ್ದವು. ಹುಡ್‌ಗಳು ಬೇಕೆಂದೇ ಕಿರಿದಾದ ಮಗ್ಗ ಹಿಡಿದರು, ಬಟ್ಟೆಯ ಅಗಲ ಸುಮಾರು 18 ಇಂಚು. ಕಿರಿದಾದ ಮಗ್ಗದಲ್ಲಿ ಹೊಕ್ಕಿನ ಎಳೆಯನ್ನು ಹೆಚ್ಚು ಬಿಗಿಯಾಗಿ ಬಡಿದು ಕೂರಿಸಬಹುದು. ನೇಯ್ದ ಬಟ್ಟೆಯನ್ನು ಆಮೇಲೆ ಶಾಖಕ್ಕೆ ಒಡ್ಡಿ ಕುಗ್ಗಿಸುತ್ತಿದ್ದರು, ಎಳೆ ಎಳೆಗೆ ಕಚ್ಚಿಕೊಳ್ಳುತ್ತಿತ್ತು. ಹೀಗೆ ಬಂದ ಬಟ್ಟೆಗೆ ರಾಳದ ಹಂಗು ಬಹಳ ಕಡಿಮೆ. ಕೈಗೆ ಮೆದು, ಗಾಳಿಗೆ ಗಟ್ಟಿ. ಪಟ್ಟಿಗಳು ಕಿರಿದಾದಷ್ಟೂ ಜೋಡಣೆಗಳು ಹೆಚ್ಚುತ್ತವೆ, ಹೊಲಿಗೆಯ ಕೆಲಸ ಎರಡು ಪಟ್ಟಾಗುತ್ತದೆ. ಆದರೆ ಪ್ರತಿ ಜೋಡಣೆಯೂ ಉಬ್ಬನ್ನು ತಿದ್ದಲು ಸಿಕ್ಕ ಒಂದು ಅವಕಾಶ. ಲಾಭ ನೋಡುವ ಗಿರಣಿಗೆ ಇದು ನಷ್ಟದ ಲೆಕ್ಕ. ಭಾನುವಾರ ತಾನೇ ದೋಣಿ ಹತ್ತಿ, ಸೋಮವಾರ ಅದೇ ಹಾಯಿಯನ್ನು ನೆಲದ ಮೇಲೆ ಹರಡಿ ತಿದ್ದುವವನಿಗೆ ಇದೊಂದೇ ಸರಿಯಾದ ಲೆಕ್ಕ.

ಫಲ 1958ರಲ್ಲಿ ಕಂಡಿತು. ಯುದ್ಧದ ನಂತರದ ಮೊದಲ ಅಮೆರಿಕಾಸ್ ಕಪ್ ಅದು, ‘ಹನ್ನೆರಡು ಮೀಟರ್’ ಎಂಬ ವರ್ಗದ ಯಾಟ್‌ಗಳ ಕಾಲ ಶುರುವಾಗಿತ್ತು. ಕಪ್ ಕಾಯಲು ಅಮೆರಿಕದ ಯಾವ ಯಾಟ್ ಇಳಿಯಬೇಕು ಎಂದು ಆರಿಸುವ ಸುತ್ತಿನಲ್ಲಿ ಹುಡ್ ‘ವಿಮ್’ ಎಂಬ ಯುದ್ಧಪೂರ್ವದ ಹಳೆಯ ಯಾಟ್‌ನಲ್ಲಿದ್ದರು. ಆ ಹಳೆಯ ದೋಣಿ ಹೊಚ್ಚ ಹೊಸ ‘ಕೊಲಂಬಿಯ’ಕ್ಕೆ ಕೊನೆಯವರೆಗೂ ಬೆವರಿಳಿಸಿತು. ಕಪ್ ಉಳಿಸಿಕೊಂಡದ್ದು ಕೊಲಂಬಿಯ, ಆದರೆ ಆ ಬೇಸಿಗೆಯ ನಂತರ ಹುಡ್ ಹಾಯಿಯ ಹೆಸರು ಗೊತ್ತಿಲ್ಲದ ಯಾಟ್ ಕ್ಲಬ್ ಉಳಿಯಲಿಲ್ಲ. ಅಲ್ಲಿಂದ 1977ರವರೆಗೆ ಕಪ್ ಉಳಿಸಿಕೊಂಡ ಯಾಟ್‌ಗಳೆಲ್ಲ ಹುಡ್ ಹಾಯಿ ಏರಿಸಿದ್ದವು.

ಬಟ್ಟೆಗೆ ಎಷ್ಟು ಬೆಲೆ ಬಂತೆಂದರೆ, 1962ರಲ್ಲಿ ಆಸ್ಟ್ರೇಲಿಯದ ‘ಗ್ರೆಟೆಲ್’ ಮೊದಲ ಸಲ ಸವಾಲು ಹಾಕಲು ಬಂದಾಗ ಅಮೆರಿಕದ ಹಾಯಿಬಟ್ಟೆ ಬಳಸಲು ಅದಕ್ಕೆ ಅವಕಾಶ ಸಿಕ್ಕಿತ್ತು. ‘ವೆದರ್ಲಿ’ 4–1ರಿಂದ ಗೆದ್ದಿತಾದರೂ ಗ್ರೆಟೆಲ್ ಕೊಟ್ಟ ಪೈಪೋಟಿ ಕಪ್ಪನ್ನು ಇಟ್ಟುಕೊಂಡಿದ್ದ ನ್ಯೂಯಾರ್ಕ್ ಯಾಟ್ ಕ್ಲಬ್ಬಿನವರಿಗೆ ಚಿಂತೆ ತಂದಿತು. ಸವಾಲು ಹಾಕುವವರು ಹಾಯಿಗಳನ್ನು ತಮ್ಮ ದೇಶದಲ್ಲೇ ತಯಾರಿಸಿಕೊಳ್ಳಬೇಕು ಎಂದು ಆಮೇಲೆ ನಿಯಮ ಬಿಗಿ ಮಾಡಿದರು. ಒಂದು ಸಣ್ಣ ಊರಿನ ಮಗ್ಗದ ಬಟ್ಟೆ ಎದುರಾಳಿಯ ಕೈಗೆ ಸಿಗಬಾರದು ಎಂದು ಕ್ಲಬ್ಬೊಂದು ಕಟ್ಟಳೆ ಬರೆಯುವಂತಾಯಿತು.

1974ರಲ್ಲಿ ಇನ್ನೂ ದೊಡ್ಡದಾಯಿತು ಕಥೆ. ‘ಕರೇಜಸ್’ ಯಾಟ್‌ನ ಆಯ್ಕೆ ಸುತ್ತು ಕೊನೆಯ ಘಟ್ಟದಲ್ಲಿದ್ದಾಗ ಅದರ ಚುಕ್ಕಾಣಿಯನ್ನು ಟೆಡ್ ಹುಡ್ ಕೈಗೆ ಕೊಟ್ಟರು. ಹುಡ್ ಆಯ್ಕೆಯಲ್ಲೂ ಗೆದ್ದರು, ಆಸ್ಟ್ರೇಲಿಯದ ‘ಸದರ್ನ್ ಕ್ರಾಸ್’ ಅನ್ನು 4–0ರಿಂದಲೂ ಸೋಲಿಸಿದರು. ತಾನು ನೇಯಿಸಿದ ಬಟ್ಟೆ, ತಾನು ಕತ್ತರಿಸಿದ ಹಾಯಿ, ಚುಕ್ಕಾಣಿಯೂ ತನ್ನದೇ ಕೈಯಲ್ಲಿ.

ಹುಡ್‌ಗೆ ಸರಿಜೋಡಿಯಾಗಿ ಎದುರು ನಿಂತವರು ಲೋವೆಲ್ ನಾರ್ತ್. ಓದಿನಿಂದ ಎಂಜಿನಿಯರ್. 1957ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಕಂಪನಿ ಶುರು ಮಾಡಿದರು. 1968ರ ಒಲಿಂಪಿಕ್ಸಿನಲ್ಲಿ ಸ್ಟಾರ್ ಎಂಬ ಹಾಯಿದೋಣಿ ವರ್ಗದ ಚಿನ್ನ ಗೆದ್ದರು. ಹುಡ್ ಬಟ್ಟೆಯನ್ನು ನಂಬಿದರು, ನಾರ್ತ್ ಅಳತೆಯನ್ನು ನಂಬಿದರು. ಎರಡು ಹಾಯಿಗಳನ್ನು ಅಕ್ಕಪಕ್ಕ ಓಡಿಸಿ ನೋಡುವುದು, ಬರೆದಿಡುವುದು, ಮುಂದೆ ಕಂಪ್ಯೂಟರಿಗೆ ಕೊಡುವುದು, ಹೀಗೆ ಅವರ ದಾರಿ. ಸ್ಪರ್ಧೆಗಳಲ್ಲಿ ಗೆಲ್ಲುವ ನಾವಿಕರನ್ನೇ ಹುಡುಕಿ ತಮ್ಮ ಕಂಪನಿಗೆ ಸೇರಿಸಿಕೊಂಡರು. 1977ರ ಆಯ್ಕೆಯಲ್ಲಿ ಹುಡ್ ‘ಇಂಡಿಪೆಂಡೆನ್ಸ್’ ನಡೆಸಿದರು, ನಾರ್ತ್ ‘ಎಂಟರ್‌ಪ್ರೈಸ್’ ನಡೆಸಿದರು. ಇಬ್ಬರೂ ಸೋತು, ಹುಡ್ ಅವರ ಹಳೆಯ ಕರೇಜಸ್ ಅನ್ನೇ ಹಿಡಿದಿದ್ದ ಟೆಡ್ ಟರ್ನರ್ ಗೆದ್ದರು. ದೋಣಿಯ ಮೇಲಿನ ಜನರ ಹೊಂದಾಣಿಕೆಯೂ ಹಾಯಿಯಷ್ಟೇ ಮುಖ್ಯ ಎಂದು ಮಗಳಿಗೆ ಹೇಳಲು ಈ ಪ್ರಸಂಗ ಚೆನ್ನಾಗಿದೆ.

ಹೊಲಿಯುವವರೇ ನಡೆಸುವುದು ಅಮೆರಿಕದಲ್ಲಿ ಮಾತ್ರ ಇದ್ದ ವಾಡಿಕೆಯಲ್ಲ. ಡೆನ್ಮಾರ್ಕಿನ ಪಾಲ್ ಎಲ್ವ್‌ಸ್ಟ್ರಾಮ್ 1948, 1952, 1956, 1960ರ ನಾಲ್ಕು ಒಲಿಂಪಿಕ್ಸ್‌ಗಳಲ್ಲೂ ಚಿನ್ನ ಗೆದ್ದವರು. 1954ರಲ್ಲಿ ಅವರು ಶುರು ಮಾಡಿದ ಹಾಯಿ ಕಂಪನಿ ಅವರ ಹೆಸರಿನಲ್ಲೇ ಬೆಳೆಯಿತು. 1983ರಲ್ಲಿ ‘ಆಸ್ಟ್ರೇಲಿಯ ಎರಡು’ 4–3ರಿಂದ ಗೆದ್ದು 132 ವರ್ಷಗಳ ಬಳಿಕ ಕಪ್ಪನ್ನು ಅಮೆರಿಕದಿಂದ ಒಯ್ದಾಗ ಜಗತ್ತು ಅದರ ರೆಕ್ಕೆಯುಳ್ಳ ಕೀಲ್, ಅಂದರೆ ತಳದಿಂದ ನೀರಿಗೆ ಇಳಿಬಿದ್ದ ಭಾರದ ಅಲಗಿನ ಬಗ್ಗೆಯೇ ಮಾತಾಡಿತು. ಹಾಯಿಗಳ ಹೊಣೆ ಹೊತ್ತಿದ್ದ ನ್ಯೂಜಿಲೆಂಡಿನ ಟಾಮ್ ಶ್ನಾಕೆನ್‌ಬರ್ಗ್ ಅವರಿಗೆ ಸಿಗಬೇಕಾದಷ್ಟು ಮಾತು ಸಿಗಲಿಲ್ಲ ಎಂಬುದು ನನ್ನ ಹಳೆಯ ಕೊರಗು. ಚುಕ್ಕಾಣಿ ಹಿಡಿದ ಜಾನ್ ಬರ್ಟ್ರಾಂಡ್ ಕೂಡ ಹಾಯಿ ತಯಾರಿಸುವ ಕಸುಬಿನವರೇ.

ಆಮೇಲೆ ಕಸುಬು ಬದಲಾಯಿತು. ನೇಯ್ದ ಬಟ್ಟೆಯ ಜಾಗಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ, ಕೆವ್ಲಾರ್ ಎಂಬ ಗಟ್ಟಿ ಕೃತಕ ಎಳೆ, ಇಂಗಾಲದ ಎಳೆ ಬಂದವು. 1990ರ ದಶಕದಲ್ಲಿ ನಾರ್ತ್ ಕಂಪನಿ ನೆವಾಡದ ಮಿಂಡೆನ್‌ನಲ್ಲಿ ಹಾಯಿಯಷ್ಟೇ ದೊಡ್ಡ ಅಚ್ಚಿನ ಮೇಲೆ ಎಳೆಗಳನ್ನು ಹೊರೆಯ ಜಾಡಿನಲ್ಲೇ ಹಾಸಿ, ಅಂಟಿಸಿ, ಇಡೀ ಹಾಯಿಯನ್ನು ಒಂದೇ ತುಂಡಾಗಿ ತೆಗೆಯತೊಡಗಿತು. ಓರೆ ಎಂಬ ತೊಂದರೆಯೇ ಅಲ್ಲಿಗೆ ತೀರಿತು, ಹೊರೆ ಎತ್ತ ಬೀಳುತ್ತದೋ ಎಳೆಯೂ ಅತ್ತಲೇ. ಅದು ಅಸಾಧಾರಣ ಸಾಧನೆ. ಆದರೆ ಅಂಥ ಅಚ್ಚನ್ನು ತಂದೆ ಮಗ ಸೇರಿ ಅಂಗಡಿಯಲ್ಲಿ ಕಟ್ಟಲು ಆಗುವುದಿಲ್ಲ. ದೊಡ್ಡ ಯಾಟ್‌ಗಳ ಕೆಲಸ ಕೆಲವೇ ದೊಡ್ಡ ಕಂಪನಿಗಳ ಪಾಲಾಯಿತು. ಟೆಡ್ ಹುಡ್ 2013ರಲ್ಲಿ ತೀರಿಕೊಂಡರು.

ಸಣ್ಣವರಿಗೆ ಜಾಗ ಉಳಿದಿರುವುದು ಸಣ್ಣ ದೋಣಿಗಳಲ್ಲಿ. ನಿಮ್ಮ ಮಗಳ ಆಪ್ಟಿಮಿಸ್ಟ್ ಅಂಥದ್ದು. 1947ರಲ್ಲಿ ಫ್ಲಾರಿಡಾದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗೆಂದು ರೂಪಿಸಿದ, ಎಂಟು ಅಡಿಗಿಂತ ತುಸು ಗಿಡ್ಡದಾದ ಈ ದೋಣಿಯ ಅಳತೆ ಎಲ್ಲೆಡೆ ಒಂದೇ. ಹಾಯಿಯ ಅಳತೆಗೂ ಕಟ್ಟುನಿಟ್ಟಾದ ಮಿತಿ ಇದೆ. ಆದರೆ ಆ ಮಿತಿಯೊಳಗೆ ಯಾವ ತಯಾರಕರ ಹಾಯಿಯಾದರೂ ನಡೆಯುತ್ತದೆ. ಅದರ ಬಟ್ಟೆ ಇಂದಿಗೂ ನೇಯ್ದ ಪಾಲಿಯೆಸ್ಟರ್. ಹುಡ್ ತಲೆ ಕೆಡಿಸಿಕೊಂಡ ಅದೇ ಹಾಸು, ಅದೇ ಹೊಕ್ಕು.

ಹೊಸ ಹಾಯಿಗೆ ದುಡ್ಡು ಸುರಿಯುವ ಮೊದಲು ಹಳೆಯದನ್ನು ಪರೀಕ್ಷಿಸಿ. ಹಿಂಬದಿಯ ಅಂಚಿನ ಹತ್ತಿರ ಬಟ್ಟೆಯನ್ನು ಬೆರಳುಗಳ ನಡುವೆ ಹಿಡಿದು ಓರೆಯಲ್ಲಿ ಎಳೆಯಿರಿ, ಆಮೇಲೆ ಕಂಬದ ಕಡೆ ಕೆಳಗೆ ಹೆಚ್ಚು ಸವೆಯದ ಜಾಗದಲ್ಲಿ ಹಾಗೇ ಮಾಡಿ. ಎರಡರ ಜಗ್ಗು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಹಾಯಿಗೆ ಇನ್ನೂ ಜೀವವಿದೆ. ಹಿಂಬದಿ ಹಳೆಯ ಪಂಚೆಯ ಹಾಗೆ ಮೆತ್ತಗಾಗಿದ್ದರೆ ಅದನ್ನು ಕಲಿಕೆಗೆ ಇಟ್ಟುಕೊಂಡು ಸ್ಪರ್ಧೆಗೆ ಬೇರೆ ನೋಡಿ. ಆಮೇಲೆ ದೋಣಿಗೆ ಕಟ್ಟಿ ನೋಡಿ. ಹಾಯಿಯನ್ನು ಕಂಬಕ್ಕೆ ಕಟ್ಟುವ ದಾರಗಳು ಸಡಿಲವಾಗಿ, ಕಂಬಕ್ಕೂ ಬಟ್ಟೆಗೂ ನಡುವೆ 10 ಮಿಲಿಮೀಟರಿಗಿಂತ ಹೆಚ್ಚು ಸಂದು ಬಿಟ್ಟರೆ ನಿಯಮವೂ ಒಪ್ಪುವುದಿಲ್ಲ, ಆಕಾರವೂ ಕೆಡುತ್ತದೆ. ಮೇಲಿನ ತುದಿಯನ್ನು ಎತ್ತಿ ಹಿಡಿಯುವ ಓರೆಗೋಲನ್ನು ಗಮನಿಸಿ. ಕಂಬದ ಕಡೆಯ ಮೇಲಿನ ಮೂಲೆಯಿಂದ ಹಿಂಬದಿಯ ಕೆಳಮೂಲೆಗೆ ನೆರಿಗೆ ಬಿದ್ದರೆ ಕೋಲು ಸಡಿಲವಾಗಿದೆ. ಹಿಂಬದಿಯ ಮೇಲ್ತುದಿಯಿಂದ ಕಂಬದ ಬುಡಕ್ಕೆ ನೆರಿಗೆ ಬಿದ್ದರೆ ಅತಿ ಬಿಗಿಯಾಗಿದೆ. ‘ಹಾಯಿ ಹಾಳಾಗಿದೆ’ ಎಂದು ನನ್ನ ಬಳಿ ಬರುವ ಮಕ್ಕಳಲ್ಲಿ ಎಷ್ಟೋ ಜನರದ್ದು ಈ ಕೋಲಿನ ತೊಂದರೆ ಮಾತ್ರ. ಇಷ್ಟೆಲ್ಲ ಸರಿಯಿದ್ದೂ ಅವಳು ಹಿಂದೆ ಬೀಳುತ್ತಿದ್ದರೆ, ಸದ್ಯಕ್ಕೆ ಬೇಕಿರುವುದು ಹೊಸ ಹಾಯಿಯಲ್ಲ, ನೀರಿನ ಮೇಲೆ ಇನ್ನಷ್ಟು ದಿನಗಳು.

ದಿನವೂ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಮಡಚದೆ ಸುತ್ತಿಡಿ. ದಡದಲ್ಲಿ ಪಟಪಟ ಬಡಿಯಲು ಬಿಡಬೇಡಿ. ನಮ್ಮ ಕರಾವಳಿಯ ಬಿಸಿಲು ಮತ್ತು ಈ ಬಡಿತ, ಎರಡೂ ಸೇರಿ ಸ್ಪರ್ಧೆಗಿಂತ ಬೇಗ ಹಾಯಿಯನ್ನು ಕೊಲ್ಲುತ್ತವೆ.

ಸಾಧ್ಯವಾದರೆ ಅವಳಿಗೆ ‘ಕೌಂಡಿನ್ಯ’ದ ಚಿತ್ರಗಳನ್ನು ತೋರಿಸಿ. ಅಜಂತಾದ ಗೋಡೆಚಿತ್ರದ ಮಾದರಿಯಲ್ಲಿ, ಹಲಗೆಗಳನ್ನು ನಾರುಹಗ್ಗದಿಂದ ಹೊಲಿದು ಗೋವಾದಲ್ಲಿ ಕಟ್ಟಿದ ಆ ಹಾಯಿಹಡಗು ನೌಕಾಪಡೆಗೆ ಸೇರ್ಪಡೆಯಾದದ್ದು 2025ರ ಮೇ 21ರಂದು ನಮ್ಮ ಕಾರವಾರದಲ್ಲೇ. ಅದರ ಚೌಕ ಹಾಯಿಯ ಮೇಲೆ ಗಂಡಭೇರುಂಡವಿದೆ. ಹೊಲಿಗೆ ಎಂಬುದು ದೋಣಿಯ ಕೆಲಸದಲ್ಲಿ ಎಷ್ಟು ದೂರ ಹೋಗಬಲ್ಲದು ಎಂದು ಅವಳಿಗೆ ಕಣ್ಣಾರೆ ಕಾಣುತ್ತದೆ.

ಅಜ್ಜನ ಸಾಮಾನುಗಳ ವಿಷಯ. ದಬ್ಬಣದ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ. ಮೂರು ಮೂಲೆಯದಾಗಿದ್ದರೆ ಅದು ಹಾಯಿಯ ದಬ್ಬಣವೇ, ಗೋಣಿಚೀಲದ್ದಲ್ಲ. ತುಕ್ಕು ಇದ್ದರೆ ನಯವಾದ ಮರಳುಕಾಗದದಿಂದ ಉಜ್ಜಿ ಎಣ್ಣೆ ಹಚ್ಚಿ. ಚರ್ಮದ ಪಟ್ಟಿ ಸೆಟೆದಿದ್ದರೆ ನೀರಿಗೆ ಹಾಕಬೇಡಿ, ಕೊಬ್ಬರಿ ಎಣ್ಣೆ ಸವರಿ ಎರಡು ದಿನ ಬಿಡಿ, ಆಮೇಲೆ ನಿಧಾನವಾಗಿ ಬಗ್ಗಿಸಿ. ಅಜ್ಜನ ಕಾಲದ ಹತ್ತಿದಾರ ಈಗ ಬೇಡ. ಪಾಲಿಯೆಸ್ಟರ್ ದಾರ ತಂದು ಅದೇ ಮೇಣದ ಉಂಡೆಗೆ ಎರಡು ಸಲ ಎಳೆಯಿರಿ. ಮಗಳ ಹಾಯಿಯ ಕೆಳಮೂಲೆಯಲ್ಲಿ, ಬಟ್ಟೆ ಪದರಪದರವಾಗಿ ದಪ್ಪಗಿರುವಲ್ಲಿ, ಹೊಲಿಗೆ ಮೊದಲು ಬಿಚ್ಚಿಕೊಳ್ಳುತ್ತದೆ. ಅಲ್ಲಿ ಹಳೆಯ ರಂಧ್ರಗಳಲ್ಲೇ ದಬ್ಬಣ ಹಾಯಿಸಬೇಕು, ಹೊಸ ರಂಧ್ರ ಮಾಡಬಾರದು. ಪಟ್ಟಿಯನ್ನು ಅಂಗೈಗೆ ಕಟ್ಟಿ, ಬೆರಳಿನಿಂದಲ್ಲ, ಭುಜದಿಂದ ಒತ್ತಬೇಕು. ಹನ್ನೊಂದರ ಹುಡುಗಿಗೂ ಆ ಬಲ ಸಾಕು.